ವಿಮಾನ ಯಾವಾಗ ಬರುತ್ತೆ ಗೌಡ್ರೇ?

ಹಾಸನದ ಮಗ್ಗುಲಿನ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆ ಶಂಕುಸ್ಥಾಪನೆ ಆದದ್ದು 2007ರಲ್ಲಿ. ಜಾಗದ ಮಾತುಕತೆ ಅದಕ್ಕಿಂತ ದಶಕಗಳಷ್ಟು ಹಳೆಯದು. ಶಂಕುಸ್ಥಾಪನೆ ಮುಗಿದ ಮೇಲೂ ಕೆಲಸ ವರ್ಷಗಟ್ಟಲೆ ನಿಂತೇ ಇತ್ತು. ಇಂಥ ಊರಿನಲ್ಲಿ ‘ವಿಮಾನ ಯಾವಾಗ ಬರುತ್ತೆ ಗೌಡ್ರೇ?’ ಎನ್ನುವುದು ತಮಾಷೆಯಾಗದೆ ಇದ್ದೀತೆ? ಜಮೀನು ಬಿಟ್ಟುಕೊಟ್ಟವನೊಬ್ಬ ತನ್ನಂಥವನದೇ ಹೆಗಲು ತಟ್ಟಿ ಕೇಳಿದರೆ ಇಬ್ಬರೂ ನಕ್ಕಾರು. ದಾರಿಹೋಕನೊಬ್ಬ ಕಾರಿನ ಗಾಜು ಇಳಿಸಿ ಅದೇ ಮಾತು ಕೇಳಿದರೆ ರೈತ ಮುಖ ತಿರುಗಿಸಿಯಾನು.

ಈ ದಾರಿಹೋಕನ ಮಾತಿಗೆ ಇಂಗ್ಲಿಷಿನಲ್ಲಿ ‘ಫೆಸೀಷಸ್’ ಎಂಬ ಪದವಿದೆ. ಹೊತ್ತುಗೊತ್ತು ನೋಡದೆ, ಗಂಭೀರವಾದದ್ದರ ಮೇಲೆ ಹಾರಿಸುವ ಹಾಸ್ಯ ಅದು. ನಮ್ಮಲ್ಲಿ ಅದಕ್ಕೆ ಕುಚೋದ್ಯ ಎನ್ನುತ್ತೇವೆ. ಸಿಟ್ಟು ಬಂದರೆ ತಲೆಹರಟೆ.

ಹುಟ್ಟಿದಾಗ ‘ಫೆಸೀಷಸ್’ ತೆಗಳಿಕೆಯ ಪದವಾಗಿರಲಿಲ್ಲ. ಲ್ಯಾಟಿನ್ನಿನ ‘ಫಾಕೇಟುಸ್’ ಎಂದರೆ ನಯವಂತ, ಮಾತಿನಲ್ಲಿ ಚತುರ. 16ನೇ ಶತಮಾನದ ಕೊನೆಯಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗಲೂ ಅದಕ್ಕೆ ಮರ್ಯಾದೆಯಿತ್ತು. ಚತುರರು ಎಲ್ಲೆ ಮೀರಿದ ಹಾಗೆಲ್ಲ ಪದವೂ ಕೆಳಗಿಳಿಯಿತು. ಎಲ್ಲೆ ಯಾವುದು ಎಂಬುದನ್ನು ರೋಮನ್ ವಾಗ್ಮಿ ಸಿಸೆರೊ ಕ್ರಿ.ಪೂ. 55ರ ತನ್ನ ‘ದೆ ಒರಾತೋರೆ’ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಘೋರ ದುಷ್ಟತನ, ಘೋರ ಸಂಕಟ ಎರಡೂ ನಗೆಯ ವಸ್ತುವಲ್ಲ ಎಂಬ ಮಾತು ಅಲ್ಲಿ ಬರುತ್ತದೆ. ದುಷ್ಟನಿಗೆ ನಗೆಗಿಂತ ಬಲವಾದ ಪೆಟ್ಟು ಬೇಕು. ನೊಂದವನನ್ನು ಗೇಲಿ ಮಾಡಿದರೆ ಜನ ಸಹಿಸುವುದಿಲ್ಲ. ಎರಡು ಸಾವಿರ ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ಆ ಪದದ ಮೊದಲಿನ, ಒಳ್ಳೆಯ ಅರ್ಥ ಹೇಗಿದ್ದಿರಬಹುದು ಎಂದು ತಿಳಿಯಲು ರೋಮಿನವರೆಗೆ ಹೋಗಬೇಕಾಗಿಲ್ಲ. ಇದೇ ಹಾಸನ ಜಿಲ್ಲೆಯ ಹೇಮಾವತಿ ದಂಡೆಯ ಗೊರೂರಿನವರು ಲೇಖಕ ರಾಮಸ್ವಾಮಿ ಅಯ್ಯಂಗಾರ್. 1904ರಲ್ಲಿ ಹುಟ್ಟಿ 1991ರವರೆಗೆ ಬಾಳಿದವರು, ಗಾಂಧಿಯ ದಾರಿ ಹಿಡಿದವರು. ಅವರ ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಓದಿದವರು ಹೊಟ್ಟೆ ತುಂಬ ನಗುತ್ತಾರೆ. ಆ ಹಳ್ಳಿಯವರ ಮೊಂಡುತನ, ಬಡಾಯಿ, ಮುಗ್ಧತೆ ಯಾವುದನ್ನೂ ಗೊರೂರರು ಮುಚ್ಚಿಡಲಿಲ್ಲ. ಆದರೂ ಅಲ್ಲಿ ಯಾರ ಮಾನವೂ ಹೋಗುವುದಿಲ್ಲ. ಕಾರಣ, ಅವರು ಆ ಜನರ ನಡುವೆಯೇ ಕೂತು ನಕ್ಕವರು. ಮುಂದೆ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟು ದೂರ ಹೋದರೂ ಅವರ ನಗೆ ಬದಲಾಗಲಿಲ್ಲ.

ಈಗ ಮೊಬೈಲಿನಲ್ಲಿ ಸಾವು, ಬರ, ಸಾಲ ಎಲ್ಲದಕ್ಕೂ ಅರೆಗಳಿಗೆಯಲ್ಲಿ ಜೋಕು ಸಿದ್ಧ. ಬರೆದವನಿಗೆ ನೊಂದವರ ಮುಖ ಕಾಣುವುದಿಲ್ಲ. ಕುಚೋದ್ಯ ಹಬ್ಬಲು ಅಷ್ಟು ಸಾಕು. ಮುಖ ಕಾಣುವ ಕಡೆಯಾದರೂ ನಾವು ಎಚ್ಚರವಾಗಿರೋಣ. ಬೂವನಹಳ್ಳಿಯ ಕಡೆ ಹೋದಾಗ ರೈತರನ್ನು ಮಾತಾಡಿಸಿ, ಮೊದಲು ಜಮೀನಿನ ವಿಚಾರ ಕೇಳಿ. ವಿಮಾನದ ತಮಾಷೆಯನ್ನು ಬೇಕಿದ್ದರೆ ಅವರೇ ತೆಗೆಯಲಿ.