ದೇಹದ ನೆನಪು

1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳಲ್ಲಿ ದಡಾರ ಹಬ್ಬಿ, ಸುಮಾರು 7,800 ನಿವಾಸಿಗಳಲ್ಲಿ 6,000ದಷ್ಟು ಮಂದಿ ಹಾಸಿಗೆ ಹಿಡಿದರು. ಪರಿಶೀಲನೆಗೆ ಹೋದ ಡೆನ್ಮಾರ್ಕಿನ ತರುಣ ವೈದ್ಯ ಪಾನುಮ್ ಅವರಿಗೆ ಒಂದು ಸೋಜಿಗ ಕಂಡಿತು: 1781ರಲ್ಲಿ ಅದೇ ರೋಗದಿಂದ ನರಳಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ಮರುಕಳಿಸಿರಲಿಲ್ಲ. ನಡುವಣ 65 ವರ್ಷ ಅಲ್ಲಿ ದಡಾರದ ಸುಳಿವೇ ಇರಲಿಲ್ಲ, ನೆನಪಿಟ್ಟದ್ದು ದೇಹವೇ.

ಬಿಳಿಯ ರಕ್ತಕಣಗಳಲ್ಲಿ ಕೆಲವು, ಒಮ್ಮೆ ಎದುರಿಸಿದ ವೈರಾಣುವಿನ ಗುರುತನ್ನು ಹಿಡಿದು ದೀರ್ಘಕಾಲ ಬಾಳುತ್ತವೆ. ಅದು ಮರಳಿ ಬಂದೊಡನೆ ತಕ್ಕ ಪ್ರತಿಕಾಯಗಳು ಸಿದ್ಧವಾಗುತ್ತವೆ. ಆದರೆ ದಡಾರವು ಬಲು ಕಪಟಿ. ಈ ನೆನಪಿನ ಕಣಗಳನ್ನೇ ಹೊಕ್ಕು ನಾಶಪಡಿಸಿ, ಬೇರೆ ರೋಗಗಳ ಗುರುತನ್ನು ಅಳಿಸುತ್ತದೆ. 2019ರ ಸಂಶೋಧನೆಯೊಂದರಲ್ಲಿ, ದಡಾರವೆದ್ದ ಮಕ್ಕಳು ಹಿಂದೆ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟನ್ನು ಕಳೆದುಕೊಂಡಿದ್ದರು. ಲಸಿಕೆ ಪಡೆದವರಲ್ಲಿ ಈ ನಷ್ಟ ಕಾಣಲಿಲ್ಲ.