ಚಕ್ರ ನೇರ, ಸ್ಟಿಯರಿಂಗ್ ಓರೆ

ವ್ಹೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಹೊರಬಂದ ಕಾರು ದಾರಿಯಲ್ಲಿ ನೇರವಾಗಿಯೇ ಸಾಗುತ್ತಿದ್ದರೂ ಚಾಲಕನ ಕೈಯಲ್ಲಿರುವ ಸ್ಟಿಯರಿಂಗ್ ಎಡಕ್ಕೋ ಬಲಕ್ಕೋ ವಾಲಿ ನಿಂತಿದ್ದರೆ, ಆ ಕೆಲಸ ಪೂರ್ಣಗೊಂಡಿಲ್ಲವೆಂದೇ ತಿಳಿಯಬೇಕಾಗುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಇದನ್ನು ‘ನಡೀತೈತಿ ಬಿಡ್ರಿ’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಈ ದೋಷಕ್ಕೆ ಖಚಿತವಾದ ಕಾರಣವಿದೆ. ಹೊಸ ಬಿಡಿಭಾಗವೊಂದನ್ನೂ ಹಾಕದೆ ಅದನ್ನು ಸರಿಪಡಿಸಲು ಬರುತ್ತದೆ.

ಈ ಸೀಮೆಯ ರಸ್ತೆಗಳಲ್ಲಿ ಅಲೈನ್‌ಮೆಂಟ್ ಬೇಗ ಕೆಡುವುದಕ್ಕೆ ನೆಲದ ಗುಣವೂ ಒಂದು ಕಾರಣ. ಮಳೆ ಬಿದ್ದಾಗ ಹಿಗ್ಗಿ, ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಮಣ್ಣಿನ ಮೇಲೆ ಹಾಸಿದ ಡಾಂಬರು ವರ್ಷ ಕಳೆಯುವಷ್ಟರಲ್ಲಿ ಏರಿಳಿತಗೊಂಡು ಅಂಚಿನಲ್ಲಿ ಕುಸಿಯುತ್ತದೆ. ಅದರ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ಇಳಕಲ್ಲಿನ ಗ್ರಾನೈಟ್ ಬಂಡೆ ಹೊತ್ತ ಲಾರಿಗಳೂ ಓಡಾಡಿದಾಗ ತಗ್ಗುಗಳು ಆಳವಾಗುತ್ತವೆ. ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಕಾರುಗಳು ಇಂಥ ತಗ್ಗು ಮತ್ತು ಬಣ್ಣ ಬಳಿಯದ ಹಂಪುಗಳ ಹೊಡೆತವನ್ನು ದಿನವೂ ತಿನ್ನುವುದರಿಂದ, ಅವುಗಳ ಮಾಲೀಕರು ಅಲೈನ್‌ಮೆಂಟ್ ಅಂಗಡಿಗೆ ಮತ್ತೆ ಮತ್ತೆ ಬರಲೇಬೇಕಾಗುತ್ತದೆ.

ಅಲೈನ್‌ಮೆಂಟಿನಲ್ಲಿ ಮೂರು ಕೋನಗಳನ್ನು ಅಳೆಯುತ್ತಾರೆ. ಮುಂದಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ಒಳಗೋ ಹೊರಗೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರವು ಯಾವ ಅಕ್ಷದ ಸುತ್ತ ಹೊರಳುತ್ತದೋ ಆ ಅಕ್ಷದ ಓರೆಯೇ ಕ್ಯಾಸ್ಟರ್. ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಪರಸ್ಪರ ಒಳಮುಖವಾಗಿದ್ದರೆ ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ನಮ್ಮ ಬಹುತೇಕ ಸಣ್ಣ ಕಾರುಗಳ ಮುಂಚಕ್ರಗಳಲ್ಲಿ ಸುಲಭವಾಗಿ ತಿದ್ದಲು ಬರುವುದು ಟೋ ಒಂದೇ, ಓರೆ ಸ್ಟಿಯರಿಂಗಿನ ಮೂಲವೂ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಅದರ ಕೆಳತುದಿಯ ಪಿನಿಯನ್ ಎಂಬ ಹಲ್ಲುಗಾಲಿಯು ರ‍್ಯಾಕ್ ಎಂಬ ಹಲ್ಲುಪಟ್ಟಿಯನ್ನು ಎಡಬಲಕ್ಕೆ ಸರಿಸುತ್ತದೆ. ಆ ರ‍್ಯಾಕಿನ ಎರಡು ತುದಿಗಳಿಂದ ಎರಡು ಚಕ್ರಗಳಿಗೆ ಹೋಗುವ, ಥ್ರೆಡ್ ಇರುವುದರಿಂದ ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದಾದ ಸರಳುಗಳೇ ಟೈ ರಾಡ್‌ಗಳು.

ಒಂದು ಲೆಕ್ಕದಿಂದ ಈ ವಿಷಯ ಸ್ಪಷ್ಟವಾಗುತ್ತದೆ. ಒಂದು ಕಾರಿಗೆ ಎರಡೂ ಚಕ್ರ ಸೇರಿ 0.20 ಡಿಗ್ರಿ ಟೋ-ಇನ್ ಇರಬೇಕು, ಅಂದರೆ ಒಂದೊಂದು ಚಕ್ರಕ್ಕೆ 0.10 ಡಿಗ್ರಿ ಬರಬೇಕು ಎಂದುಕೊಳ್ಳೋಣ. ಸ್ಟಿಯರಿಂಗನ್ನು ನೇರವಾಗಿ ಹಿಡಿದಾಗ ಎಡಚಕ್ರದಲ್ಲಿ 0.40 ಡಿಗ್ರಿ ಟೋ-ಇನ್, ಬಲಚಕ್ರದಲ್ಲಿ 0.20 ಡಿಗ್ರಿ ಟೋ-ಔಟ್ ಇದ್ದರೆ ಒಟ್ಟು ಲೆಕ್ಕ 0.20 ಆಗಿಯೇ ಉಳಿಯುವುದರಿಂದ, ಒಟ್ಟು ಮೊತ್ತವೊಂದನ್ನೇ ನೋಡುವವನ ಕಣ್ಣಿಗೆ ತಪ್ಪೇ ಕಾಣುವುದಿಲ್ಲ. ಆದರೆ ಎರಡೂ ಚಕ್ರಗಳು ಬಲಕ್ಕೆ ಮುಖ ಮಾಡಿರುವುದರಿಂದ ಕಾರು ನೇರವಾಗಿ ಹೋಗಬೇಕಾದರೆ ಅವೆರಡನ್ನೂ 0.30 ಡಿಗ್ರಿಯಷ್ಟು ಎಡಕ್ಕೆ ತಿರುಗಿಸಬೇಕು. ಚಕ್ರ 1 ಡಿಗ್ರಿ ಹೊರಳಲು ಸ್ಟಿಯರಿಂಗ್ ಸುಮಾರು 16 ಡಿಗ್ರಿ ತಿರುಗಬೇಕಾದ ಕಾರಿನಲ್ಲಿ ಇದು ಸ್ಟಿಯರಿಂಗಿನ ಮೇಲೆ ಸುಮಾರು 5 ಡಿಗ್ರಿ ಎಡವಾಲುವಿಕೆಯಾಗಿ ಕಾಣುತ್ತದೆ. ಚಕ್ರದಲ್ಲಿ ಕಣ್ಣಿಗೇ ಬೀಳದ ವ್ಯತ್ಯಾಸ ಕೈಯಲ್ಲಿ ಹತ್ತಾರು ಪಟ್ಟು ಬೆಳೆದು ತೋರುವುದು ಹೀಗೆ. ಇಂಥ ಕಾರಿನ ಟೈರು ಅತಿಯಾಗಿ ಸವೆಯದೆ ಇರಬಹುದು, ಏಕೆಂದರೆ ಓಟದಲ್ಲಿ ಎರಡೂ ಚಕ್ರಗಳು ತಮ್ಮಷ್ಟಕ್ಕೆ ಸಮವಾಗಿ ನಿಲ್ಲುತ್ತವೆ. ಕೆಟ್ಟಿರುವುದು ರ‍್ಯಾಕಿನ ನಡುಬಿಂದು.

ಅಂಗಡಿಯಲ್ಲಿ ಇದು ಆಗುವುದು ಹೆಚ್ಚಾಗಿ ಅವಸರದಿಂದ. ಸ್ಟಿಯರಿಂಗನ್ನು ಕಣ್ಣಂದಾಜಿನಲ್ಲಿ ನೇರ ಮಾಡಿ ಹೋಲ್ಡರ್‌ನಿಂದ ಬಿಗಿಯಾಗಿ ಹಿಡಿಸದೆ ಬಿಟ್ಟರೆ, ಅಥವಾ ಒಂದೇ ಕಡೆಯ ಟೈ ರಾಡ್ ತಿರುಗಿಸಿ ಒಟ್ಟು ಟೋ ಕೂಡಿಸಿದರೆ, ಸ್ಟಿಯರಿಂಗ್ ಓರೆಯಾಗುವ ಸಂಭವವೇ ಹೆಚ್ಚು. ಸರಿಯಾದ ಕ್ರಮವೆಂದರೆ, ಮೊದಲು ಗಾಳಿಯ ಒತ್ತಡವನ್ನೂ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋಯರ್ ಆರ್ಮ್ ಬುಷ್‌ಗಳಲ್ಲಿನ ಸಡಿಲನ್ನೂ ನೋಡಿಕೊಂಡು, ಎಂಜಿನ್ ಚಾಲೂ ಇಟ್ಟು ಸ್ಟಿಯರಿಂಗನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪ ತಿರುಗಿಸಿ ನಡುವಿಗೆ ತಂದು ಹೋಲ್ಡರ್ ಹಾಕಿ, ಎರಡೂ ಕಡೆಯ ಲಾಕ್‌ನಟ್ ಸಡಿಲಿಸಿ ಪ್ರತಿ ಚಕ್ರದ ಟೋವನ್ನು ಪ್ರತ್ಯೇಕವಾಗಿ ಸಮ ಮಾಡುವುದು. ಒಟ್ಟು ಟೋ ಸರಿಯಿದ್ದು ಸ್ಟಿಯರಿಂಗ್ ಮಾತ್ರ ಓರೆಯಿದ್ದರೆ, ಒಂದು ಟೈ ರಾಡನ್ನು ಎಷ್ಟು ಗಿಡ್ಡ ಮಾಡುತ್ತಾರೋ ಇನ್ನೊಂದನ್ನು ಅಷ್ಟೇ ಉದ್ದ ಮಾಡಬೇಕು. ರ‍್ಯಾಕ್ ಚಕ್ರದ ಅಚ್ಚಿನ ಹಿಂಬದಿಗಿರುವ ಕಾರಿನಲ್ಲಿ ಸ್ಟಿಯರಿಂಗ್ ಎಡಕ್ಕೆ ವಾಲಿದ್ದರೆ ಎಡ ಟೈ ರಾಡ್ ಗಿಡ್ಡವಾಗಬೇಕು, ಬಲದ್ದು ಉದ್ದವಾಗಬೇಕು. ರ‍್ಯಾಕ್ ಅಚ್ಚಿನ ಮುಂದಿದ್ದರೆ ಇದು ತಿರುವುಮುರುವಾಗುತ್ತದೆ. ಥ್ರೆಡ್ಡಿನ ಅಂತರ 1.5 ಮಿ.ಮೀ. ಇದ್ದು ಟೈ ರಾಡ್ ಬಂದು ಸೇರುವ ಚಕ್ರದ ಸ್ಟಿಯರಿಂಗ್ ಆರ್ಮ್ 120 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಚಕ್ರ ಸುಮಾರು 0.7 ಡಿಗ್ರಿ ಹೊರಳುವುದರಿಂದ, ಮೇಲಿನ ದೋಷಕ್ಕೆ ಎರಡೂ ಕಡೆ ಅರ್ಧ ಸುತ್ತಿಗೂ ಕಡಿಮೆ ತಿರುಗಿಸಿದರೆ ಸಾಕು. ತಿರುಗಿಸುವಾಗ ರ‍್ಯಾಕಿನ ರಬ್ಬರ್ ಬೂಟ್ ತಿರುಚಿಕೊಳ್ಳದಂತೆ ಅದರ ಕ್ಲಿಪ್ ಸಡಿಲಿಸಬೇಕು. ಬೂಟ್ ಹರಿದರೆ ಈ ಊರುಗಳ ಧೂಳು ರ‍್ಯಾಕನ್ನು ಬೇಗ ತಿಂದುಹಾಕುತ್ತದೆ.

ಸ್ಟಿಯರಿಂಗನ್ನೇ ಕಳಚಿ ಒಂದೆರಡು ಹಲ್ಲು ಸರಿಸಿ ಕೂರಿಸುವ ಅಡ್ಡದಾರಿಯನ್ನು ಮಾತ್ರ ಒಪ್ಪಲಾಗದು. ಹಾಗೆ ಮಾಡಿದಾಗ ಹಿಡಿ ನೇರವಾಗಿ ಕಂಡರೂ ರ‍್ಯಾಕ್ ನಡುವಿಗೆ ಬಂದಿರುವುದಿಲ್ಲವಾದ್ದರಿಂದ, ಕಾರು ಒಂದು ಕಡೆ ಹೆಚ್ಚು ತಿರುಗಿ ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯವಾಗಿದ್ದು, ಅದು ಇರುವುದು ಸ್ಟಿಯರಿಂಗಿನ ನಡುವಿನಲ್ಲಿಯೇ. ಅದಕ್ಕೆ ವಿದ್ಯುತ್ ಸಂಪರ್ಕ ಒದಗಿಸುವ, ಸುರುಳಿಯಾಗಿ ಸುತ್ತಿದ ಕ್ಲಾಕ್ ಸ್ಪ್ರಿಂಗ್ ಎಂಬ ಪಟ್ಟಿ ನಡುತಪ್ಪಿ ಕುಳಿತರೆ ಪೂರ್ತಿ ತಿರುಗಿಸಿದಾಗ ಹರಿದು, ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳದೆ ಹೋಗುವ ಅಪಾಯವಿದೆ. ಜಾರುವಿಕೆ ತಡೆಯುವ ಇಎಸ್‌ಸಿ ವ್ಯವಸ್ಥೆಯಿರುವ ಕಾರುಗಳಲ್ಲಿ ಸ್ಟಿಯರಿಂಗ್ ಕೋನ ಅಳೆಯುವ ಸೆನ್ಸರನ್ನು ಅಲೈನ್‌ಮೆಂಟಿನ ನಂತರ ಸ್ಕ್ಯಾನರ್ ಜೋಡಿಸಿ ಮತ್ತೆ ಸೊನ್ನೆಗೆ ತರಬೇಕಾಗಬಹುದು.

ಓರೆ ಸ್ಟಿಯರಿಂಗ್ ಬೇರೆ, ಗಾಡಿ ‘ಎಳೆಯುವುದು’ ಬೇರೆ. ಹಿಡಿ ಸಡಿಲಿಸಿದಾಗಲೂ ಕಾರು ವಾಲಿದ ಸ್ಟಿಯರಿಂಗಿನೊಡನೆ ನೇರವಾಗಿ ಹೋದರೆ ದೋಷ ಟೋ ಹಂಚಿಕೆಯದ್ದು, ಇಲ್ಲವೇ ಹಿಂದಿನ ಅಚ್ಚು ಓರೆಯಾಗಿ ಕಾರು ಅಡ್ಡಡ್ಡ ಸಾಗುವ ಥ್ರಸ್ಟ್ ಆಂಗಲ್‌ನದ್ದು. ಎರಡನೆಯದನ್ನು ಪತ್ತೆ ಮಾಡಲು ನಾಲ್ಕೂ ಚಕ್ರಗಳ ಅಳತೆಯೇ ಬೇಕು. ಸಡಿಲಿಸಿದ ಕೂಡಲೇ ಒಂದು ಬದಿಗೆ ಸರಿದರೆ ಟೈರು, ಬ್ರೇಕ್, ಕ್ಯಾಂಬರ್, ಕ್ಯಾಸ್ಟರ್‌ಗಳನ್ನು ನೋಡಬೇಕು. ಜೊತೆಗೆ ರಸ್ತೆಯ ಇಳಿಜಾರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಗೆ 100 ಸೆಂ.ಮೀ. ಅಗಲಕ್ಕೆ ಸುಮಾರು 2 ಸೆಂ.ಮೀ. ಇಳಿಜಾರು ಕೊಡುತ್ತಾರೆ, ಹುನಗುಂದದಿಂದ ಇಳಕಲ್ ಮಾರ್ಗವಾಗಿ ಹೊಸಪೇಟೆಯತ್ತ ಹೋಗುವ ಚತುಷ್ಪಥ ರಾಷ್ಟ್ರೀಯ ಹೆದ್ದಾರಿ 50ರಂತಹ ರಸ್ತೆಯಲ್ಲಿ ಎರಡೂ ದಿಕ್ಕಿನ ಹಾದಿಗಳು ಸಾಮಾನ್ಯವಾಗಿ ತಮ್ಮ ತಮ್ಮ ಎಡಕ್ಕೇ ಇಳಿಯುವುದರಿಂದ, ಹೋಗುವಾಗಲೂ ಬರುವಾಗಲೂ ಕಾರು ಎಡಕ್ಕೆ ಜಗ್ಗಿ ಚಾಲಕ ಸ್ಟಿಯರಿಂಗನ್ನು ಕೂದಲೆಳೆಯಷ್ಟು ಬಲಕ್ಕೆ ಹಿಡಿಯಬೇಕಾಗುತ್ತದೆ. ಅಷ್ಟನ್ನು ದೋಷವೆಂದು ಎಣಿಸಬಾರದು. ಪರೀಕ್ಷೆಗೆ ವಾಹನ ಸಂಚಾರವಿಲ್ಲದ ಸಮತಟ್ಟಾದ ನೆಲವೇ ಯೋಗ್ಯ.

ಅಲೈನ್‌ಮೆಂಟ್ ಯಂತ್ರದಿಂದ ಬರುವ ಚೀಟಿಯಲ್ಲಿ ಎಡ ಮತ್ತು ಬಲ ಚಕ್ರಗಳ ಟೋ ಬೇರೆ ಬೇರೆಯಾಗಿಯೇ ಅಚ್ಚಾಗಿರುತ್ತದೆ. ಹಣ ಕೊಡುವ ಮುನ್ನ ಆ ಎರಡು ಅಂಕಿಗಳು ಸಮವಾಗಿವೆಯೇ ಎಂದು ನೋಡುವುದೂ, ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೆರಡು ಕಿಲೋಮೀಟರ್ ಓಡಿಸಿ, ಸ್ಟಿಯರಿಂಗ್ ಇನ್ನೂ ಓರೆಯಿದ್ದರೆ ಅಲ್ಲಿಂದಲೇ ಮರಳಿ ಯಂತ್ರದ ಮೇಲೆ ಏರಿಸಲು ಹೇಳುವುದೂ ಗ್ರಾಹಕನ ಹಕ್ಕು. ಆ ಮರುಕೆಲಸವು ಕೊಡುವ ಹಣದಲ್ಲಿಯೇ ಸೇರಿದ್ದು.