ಟೇಪ್ ರೆಕಾರ್ಡರ್ ಬೇಡುತ್ತಿದ್ದ ಕಂಪ್ಯೂಟರ್

ದಿಲ್‌ಸುಖ್‌ನಗರದ ಮೆಟ್ರೊ ನಿಲ್ದಾಣದಿಂದ ಇಳಿದರೆ ಕಣ್ಣಿಗೆ ರಾಚುವುದು ಕೋಚಿಂಗ್ ಸೆಂಟರ್, ಹಾಸ್ಟೆಲ್‌ಗಳ ಬೋರ್ಡುಗಳು. ಹೈದರಾಬಾದಿನ ಈ ಬಡಾವಣೆಯಲ್ಲಿ ಕಲಿಕೆಯೇ ದೊಡ್ಡ ವ್ಯಾಪಾರ. ಫೀಸು ಕಟ್ಟಿ ಕಂಪ್ಯೂಟರ್ ಕೋರ್ಸಿಗೆ ಸೇರುವುದು ಹೀಗೆ ಮಾಮೂಲಾಗುವ ಮೊದಲು, ಮೇಷ್ಟರ ಹಂಗಿಲ್ಲದೆ ಪ್ರೋಗ್ರಾಂ ಬರೆಯುವ ಹುಚ್ಚು ಹಿಡಿಸಿದ ಪುಟ್ಟ ಯಂತ್ರವೊಂದಿತ್ತು: ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್.

1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ ಇದನ್ನು ಮಾರುಕಟ್ಟೆಗೆ ತಂದಾಗ 16 ಕೆಬಿ ಮೆಮೊರಿಯದಕ್ಕೆ 125 ಪೌಂಡ್, 48 ಕೆಬಿಯದಕ್ಕೆ 175 ಪೌಂಡ್. ಪರದೆ ಬೇಕೆ? ಮನೆಯ ಟಿವಿ ಇದೆ. ಡಿಸ್ಕ್ ಬದಲು ಮನೆಯದೇ ಟೇಪ್ ರೆಕಾರ್ಡರ್. ಬೆಲೆ ಇಳಿದದ್ದು ಹೀಗೆ. ರಬ್ಬರ್ ಕೀಲಿಗಳನ್ನು ಆಡಿಕೊಂಡವರು ಬಹಳ. 1984ರ ‘ಪ್ಲಸ್’ ಮಾದರಿಗೆ ಗಟ್ಟಿ ಪ್ಲಾಸ್ಟಿಕ್ ಕೀಲಿಗಳು ಬಂದವು. ಆ ಮಾದರಿಯನ್ನೇ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ಭಾರತದಲ್ಲಿ ಮಾರಿತು. ನಮ್ಮ ಶಾಲೆಗಳಿಗೆ ಸರ್ಕಾರ ‘ಕ್ಲಾಸ್’ ಯೋಜನೆಯಲ್ಲಿ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳನ್ನು ಕೊಡತೊಡಗಿದ್ದೂ ಅದೇ ದಶಕದಲ್ಲಿ, 1984-85ರಲ್ಲಿ.

ಸ್ಪೆಕ್ಟ್ರಮ್‌ನಲ್ಲಿ ಆಟ ಶುರುವಾಗಬೇಕಾದರೆ ಮೊದಲು ಕ್ಯಾಸೆಟ್ ಓಡಬೇಕು. ‘ಜೆ’ ಕೀಲಿ ಒತ್ತಿದರೆ ‘ಲೋಡ್’ ಎಂಬ ಇಡೀ ಪದವೇ ಪರದೆಗೆ ಬರುತ್ತಿತ್ತು. ಬೇಸಿಕ್ ಭಾಷೆಯ ಮುಖ್ಯ ಆದೇಶಗಳಲ್ಲಿ ಹೆಚ್ಚಿನವಕ್ಕೆ ಹೀಗೆ ಒಂದೊಂದು ಕೀಲಿ. ಟೇಪ್ ತಿರುಗಿದಂತೆ ಜೀರುಂಡೆಗಳ ಹಿಂಡಿನಂಥ ಕಿರುಚಾಟ, ಪರದೆಯ ಅಂಚಿನಲ್ಲಿ ಹರಿದಾಡುವ ಬಣ್ಣದ ಪಟ್ಟೆಗಳು. 48 ಕೆಬಿ ತುಂಬಲು ಐದು ನಿಮಿಷದ ಆಸುಪಾಸು. ವಾಲ್ಯೂಮ್ ತುಸು ಹೆಚ್ಚುಕಮ್ಮಿಯಾದರೆ ಕೊನೆಯ ಗಳಿಗೆಯಲ್ಲೂ ‘ಟೇಪ್ ಲೋಡಿಂಗ್ ಎರರ್’. ವಾಲ್ಯೂಮ್ ಸರಿಯಿದ್ದೂ ಹೀಗಾದರೆ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಟೇಪ್ ಹೆಡ್ಡಿನ ಓರೆ ಸರಿಪಡಿಸಬೇಕು. ಹವ್ಯಾಸಿಗಳು ಯಂತ್ರದ ಒಳಗನ್ನು ಕಲಿತದ್ದು ಇಂಥ ಕಾಟದಿಂದಲೇ ಎಂದು ನನಗನ್ನಿಸುತ್ತದೆ.

ಅದರ ಬಡತನವೂ ಒಂದು ಪಾಠವಾಯಿತು. 256×192 ಚುಕ್ಕೆಗಳ ಪರದೆಯಲ್ಲಿ, ಎಂಟಕ್ಕೆ ಎಂಟರ ಒಂದೊಂದು ಚೌಕಕ್ಕೂ ಎರಡೇ ಬಣ್ಣ. ಬೊಂಬೆಯೊಂದು ಚೌಕ ದಾಟಿದರೆ ಪಕ್ಕದ್ದರ ಬಣ್ಣ ಕಲಸಿಹೋಗುತ್ತಿತ್ತು. 1984ರ ‘ನೈಟ್ ಲೋರ್’ ಆಟ ಒಂದು ಕೋಣೆಗೆ ಒಂದೇ ಬಣ್ಣ ಬಳಿದು ಈ ತಲೆನೋವಿನಿಂದ ಪಾರಾಯಿತು. ‘ಪೋಕ್’ ಆದೇಶದಿಂದ ಮೆಮೊರಿಯ ಅಂಕಿ ಬದಲಿಸಿ ಆಟದಲ್ಲಿ ಸಾವೇ ಬರದಂತೆ ಮಾಡುವುದು ಪಡ್ಡೆಗಳ ಮೆಚ್ಚಿನ ಕಳ್ಳದಾರಿ. ಬೆಳ್ಳಿಬಣ್ಣದ ಕಾಗದವನ್ನು ಸುಟ್ಟು ಅಕ್ಷರ ಮೂಡಿಸುವ ಪ್ರಿಂಟರ್, ಜಾಯ್‌ಸ್ಟಿಕ್, ಸುಮಾರು 85 ಕೆಬಿ ಹಿಡಿಯುವ ಪುಟಾಣಿ ಟೇಪಿನ ಮೈಕ್ರೊಡ್ರೈವ್ ಇವೆಲ್ಲ ದುಡ್ಡಿದ್ದವರ ಸೇರ್ಪಡೆಗಳು.

ಇವತ್ತು ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶ ಇಳಿಸಿಕೊಂಡರೆ ಮೊಬೈಲಿನಲ್ಲೇ ಸ್ಪೆಕ್ಟ್ರಮ್ ಓಡುತ್ತದೆ. ಅಸಲಿ ಯಂತ್ರವೇ ಬೇಕೆನ್ನುವವರು ಮೊದಲು ನೋಡಬೇಕಾದ್ದು ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆಯನ್ನು. ಅದು ಒಣಗಿ ಬಿರುಕು ಬಿಡುತ್ತದೆ, ಹೊಸದು ಸಿಗುತ್ತದೆ. ಕ್ಯಾಸೆಟ್ಟಿನ ಸದ್ದನ್ನು ಮೊಬೈಲಿಗೆ ತುಂಬಿಸಿಕೊಂಡು, ವೈರಿನಿಂದ ಯಂತ್ರದ ‘ಇಯರ್’ ತೂತಿಗೆ ಕೊಟ್ಟರೂ ಆಟ ಲೋಡಾಗುತ್ತದೆ. ಹೆಡ್‌ಫೋನ್ ತೂತೇ ಇಲ್ಲದ ಮೊಬೈಲಾದರೆ ಮಾತ್ರ ಬೇರೆ ಅಡಾಪ್ಟರ್ ಕೊಳ್ಳಬೇಕು.